ಗುಣವಾದ ಮೇಲೂ ಯೇಸು ಯಾಕೆ ಹಿಂತಿರುಗಿ ನೋಡಿದರು?

"ಮಗಳೇ, ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು." ಬೈಬಲ್ ತೆರೆಯದವರ ಕಿವಿಗೂ ಒಮ್ಮೆಯಾದರೂ ಬಿದ್ದಿರಬಹುದಾದ ಮಾತು ಇದು. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಸಾಕು, ನೋಡಲು ಬಂದವರ ಬಾಯಲ್ಲಿ ಇದು ಬರುತ್ತದೆ. ಮೊಬೈಲಿಗೆ ಚಿತ್ರದ ಸಮೇತ ಬರುತ್ತದೆ. ಪ್ರಾರ್ಥನಾ ಸಭೆಯ ವೇದಿಕೆಯಿಂದ ಕೇಳಿಬರುತ್ತದೆ. ಹೇಳುವವರು ಧೈರ್ಯ ತುಂಬಲೆಂದೇ ಹೇಳುತ್ತಾರೆ. ಆದರೆ ಕೇಳಿಸಿಕೊಂಡವರ ಮನಸ್ಸಿನಲ್ಲಿ ಒಂದು ಮುಳ್ಳು ಉಳಿದುಬಿಡುವುದುಂಟು: ಹಾಗಾದರೆ ಕಾಯಿಲೆ ವಾಸಿಯಾಗದಿದ್ದರೆ ನಂಬಿಕೆ ಸಾಲಲಿಲ್ಲವೆಂದೇ?

ಇದಕ್ಕೆ ಉತ್ತರ ಬೇಕಾದರೆ ಮಾತನ್ನು ಅದು ಹುಟ್ಟಿದ ಜಾಗಕ್ಕೆ ಮರಳಿ ಒಯ್ಯಬೇಕು. ಅದು ಹುಟ್ಟಿದ್ದು ಒಂದು ದಾರಿಯ ಮೇಲೆ, ಜನರ ನೂಕುನುಗ್ಗಲಿನ ನಡುವೆ, ಹನ್ನೆರಡು ವರ್ಷ ನರಳಿದ ಒಬ್ಬ ಹೆಂಗಸಿನ ಎದುರು.

ನಡೆದದ್ದೇನು

ಗಲಿಲಾಯ ಸರೋವರದ ದಡ. ಯೇಸು ದೋಣಿಯಿಂದ ಇಳಿಯುತ್ತಿದ್ದಂತೆ ಜನ ಮುತ್ತಿಕೊಳ್ಳುತ್ತಾರೆ. ಸಭಾಮಂದಿರದ ಅಧಿಕಾರಿ ಯಾಯೀರ ಬಂದು ಅವರ ಕಾಲಿಗೆ ಬೀಳುತ್ತಾನೆ. ಸಭಾಮಂದಿರವೆಂದರೆ ಯೆಹೂದಿಗಳು ಕೂಡಿ ಧರ್ಮಗ್ರಂಥ ಓದಿ ಪ್ರಾರ್ಥಿಸುವ ಸ್ಥಳ. ಅದರ ಉಸ್ತುವಾರಿ ಹೊತ್ತವನು ಊರಿನಲ್ಲಿ ಮರ್ಯಾದೆಯುಳ್ಳವನು. ಅವನ ಪುಟ್ಟ ಮಗಳು ಸಾಯುವ ಸ್ಥಿತಿಯಲ್ಲಿದ್ದಾಳೆ, ಬಂದು ಕೈಯಿಟ್ಟು ಉಳಿಸಬೇಕೆಂದು ಬೇಡುತ್ತಾನೆ. ಯೇಸು ಅವನ ಜೊತೆ ಹೊರಡುತ್ತಾರೆ. ಜನ ಮೈಮೇಲೆ ಬೀಳುವಂತೆ ಹಿಂಬಾಲಿಸುತ್ತಾರೆ.

ಆ ಗುಂಪಿನಲ್ಲಿ ಹನ್ನೆರಡು ವರ್ಷಗಳಿಂದ ರಕ್ತಸ್ರಾವದಿಂದ ಬಳಲುತ್ತಿದ್ದ ಒಬ್ಬ ಹೆಂಗಸು ಇದ್ದಳು. ಕನ್ನಡ ಬೈಬಲ್ಲಿನಲ್ಲಿ ಇದಕ್ಕೆ ರಕ್ತಕುಸುಮ ರೋಗ ಎಂಬ ಹಳೆಯ ಹೆಸರಿದೆ. ಮುಟ್ಟಿನ ದಿನಗಳು ಮುಗಿದರೂ ನಿಲ್ಲದ ಸ್ರಾವ ಎಂದು ಅರ್ಥ ಮಾಡಿಕೊಳ್ಳುವುದು ವಾಡಿಕೆ. ಆಕೆ ಹಿಂದಿನಿಂದ ಬಂದು ಯೇಸುವಿನ ಉಡುಪನ್ನು ಮುಟ್ಟುತ್ತಾಳೆ. ರಕ್ತ ಆ ಕ್ಷಣವೇ ನಿಲ್ಲುತ್ತದೆ. ತನ್ನಿಂದ ಶಕ್ತಿ ಹೊರಟದ್ದು ಯೇಸುವಿಗೆ ಗೊತ್ತಾಗುತ್ತದೆ. ಅವರು ತಿರುಗಿ ನಿಂತು, "ನನ್ನ ಉಡುಪನ್ನು ಮುಟ್ಟಿದವರು ಯಾರು?" ಎಂದು ಕೇಳುತ್ತಾರೆ. ಇಷ್ಟು ಜನ ನೂಕುತ್ತಿರುವಾಗ ಇದೆಂಥ ಪ್ರಶ್ನೆ ಎನ್ನುತ್ತಾರೆ ಶಿಷ್ಯರು. ಯೇಸು ಸುತ್ತಲೂ ನೋಡುತ್ತಲೇ ಇರುತ್ತಾರೆ. ಆಕೆ ಹೆದರಿ ನಡುಗುತ್ತಾ ಮುಂದೆ ಬಂದು ಅಡ್ಡಬಿದ್ದು ಇದ್ದದ್ದನ್ನೆಲ್ಲ ಹೇಳುತ್ತಾಳೆ. ಆಗ ಬರುತ್ತದೆ ಆ ಮಾತು.

ಈ ಪ್ರಸಂಗ ಮೂರು ಸುವಾರ್ತೆಗಳಲ್ಲಿದೆ. ಸುವಾರ್ತೆಗಳೆಂದರೆ ಯೇಸುವಿನ ಬದುಕನ್ನು ಹೇಳುವ, ಗ್ರೀಕ್ ಭಾಷೆಯಲ್ಲಿ ಬರೆದ ಗ್ರಂಥಗಳು. ಮತ್ತಾಯ ಇದನ್ನು 3 ವಚನಗಳಲ್ಲಿ ಮುಗಿಸುತ್ತಾನೆ, ಲೂಕ 6ರಲ್ಲಿ. ಮೂವರಲ್ಲಿ ಮೊದಲು ಬರೆದವನೆಂದು ಹೆಚ್ಚಿನ ವಿದ್ವಾಂಸರು ಒಪ್ಪುವ ಮಾರ್ಕ 10 ವಚನಗಳನ್ನು ಕೊಡುತ್ತಾನೆ (ಮಾರ್ಕ 5:25–34). ಅವನದು ಸಾಮಾನ್ಯವಾಗಿ ಚುಟುಕು ಬರವಣಿಗೆ. ಅಂಥವನು ಇಲ್ಲಿ ನಿಧಾನಿಸಿದ್ದಾನೆಂದರೆ ನಾವೂ ನಿಧಾನಿಸಬೇಕು.

ಒಂದೇ ಉಸಿರಿನ ವಾಕ್ಯ

ಮಾರ್ಕ ಆಕೆಯನ್ನು ಪರಿಚಯಿಸುವ ಬಗೆಯನ್ನು ಹತ್ತಿರದಿಂದ ನೋಡಿ. ಗ್ರೀಕ್ ಮೂಲದಲ್ಲಿ ಅದೊಂದೇ ವಾಕ್ಯ. ಸಾಲಾಗಿ ಏಳು ಅಪೂರ್ಣ ಕ್ರಿಯಾಪದಗಳು ಬಂದು, ಎಂಟನೆಯದಾಗಿ ಪೂರ್ಣ ಕ್ರಿಯಾಪದ ಬರುತ್ತದೆ. ಬೇರೆ ಎಷ್ಟೋ ಭಾಷೆಗಳ ಅನುವಾದಕರು ಇದನ್ನು ತುಂಡು ಮಾಡಬೇಕಾಗುತ್ತದೆ. ಕನ್ನಡದ ಜಾಯಮಾನಕ್ಕೆ ಇದು ನೇರವಾಗಿ ಒಗ್ಗುತ್ತದೆ: ಹನ್ನೆರಡು ವರ್ಷ ರಕ್ತಸ್ರಾವದಲ್ಲಿದ್ದು, ಅನೇಕ ವೈದ್ಯರ ಕೈಯಲ್ಲಿ ನರಳಿ, ಇದ್ದದ್ದನ್ನೆಲ್ಲ ಖರ್ಚು ಮಾಡಿ, ಏನೂ ಗುಣ ಕಾಣದೆ, ಇನ್ನಷ್ಟು ಹದಗೆಟ್ಟು, ಯೇಸುವಿನ ಸುದ್ದಿ ಕೇಳಿ, ಗುಂಪಿನಲ್ಲಿ ಹಿಂದಿನಿಂದ ಬಂದು, ಅವರ ಉಡುಪನ್ನು ಮುಟ್ಟಿದಳು.

ಓದುವಾಗ ಉಸಿರು ಕಟ್ಟುತ್ತದೆ. ಎಲ್ಲಿಯೂ ನಿಲ್ಲಲು ಜಾಗವಿಲ್ಲ, ಹನ್ನೆರಡು ವರ್ಷ ಆಕೆಗೂ ಇರಲಿಲ್ಲ. ಇದ್ದದ್ದು, ನರಳಿದ್ದು, ಕಳೆದುಕೊಂಡದ್ದು ಎಲ್ಲವೂ ಅರೆಕ್ರಿಯೆಗಳಾಗಿಯೇ ಉಳಿದು, ಕೊನೆಗೆ ಒಂದು ಕ್ರಿಯೆ ಮಾತ್ರ ಪೂರ್ತಿಯಾಗುತ್ತದೆ: ಮುಟ್ಟಿದಳು. ಆಕೆಯ ಕಾಯಿಲೆಗೆ ಮಾರ್ಕ ಬಳಸುವ ಗ್ರೀಕ್ ಪದ ಮಾಸ್ಟಿಕ್ಸ್. ಅದರ ಮೂಲ ಅರ್ಥ ಚಾವಟಿ.

ವೈದ್ಯರ ಬಗೆಗಿನ ಈ ಕಟು ಮಾತು ಲೂಕನಲ್ಲಿ ಮೆತ್ತಗಾಗಿದೆ. ಯಾರಿಂದಲೂ ವಾಸಿಯಾಗಲಿಲ್ಲ ಎನ್ನುತ್ತಾನೆಯೇ ಹೊರತು ಅವರಿಂದ ಇನ್ನಷ್ಟು ಕೆಟ್ಟಿತು ಎನ್ನುವುದಿಲ್ಲ. ಲೂಕ ಸ್ವತಃ ವೈದ್ಯನೆಂದು ಕ್ರೈಸ್ತ ಪರಂಪರೆ ನಂಬುತ್ತದೆ. ಹಾಗಾಗಿ ಈ ವ್ಯತ್ಯಾಸ ಓದುಗರ ಕಣ್ಣಿಗೆ ಬೀಳುತ್ತಲೇ ಬಂದಿದೆ.

'ಅಶುದ್ಧ' ಎಂದರೆ ಪಾಪವಲ್ಲ

ಈ ಕಥೆಯ ಹಿಂದೆ ಯೆಹೂದಿ ಧರ್ಮಶಾಸ್ತ್ರದ ಒಂದು ಅಧ್ಯಾಯವಿದೆ: ಯಾಜಕಕಾಂಡದ 15ನೆಯದು. ದೇಹದಿಂದಾಗುವ ಸ್ರಾವಗಳು, ಗಂಡಸಿನದಾಗಲಿ ಹೆಂಗಸಿನದಾಗಲಿ, ವ್ಯಕ್ತಿಯನ್ನು ಸ್ವಲ್ಪ ಕಾಲ ಅಶುದ್ಧ ಸ್ಥಿತಿಯಲ್ಲಿಡುತ್ತವೆ ಎನ್ನುತ್ತದೆ ಅದು. ಹೆಂಗಸಿಗೆ ಮುಟ್ಟಿನ ದಿನಗಳಾಚೆಗೂ ಸ್ರಾವವಿದ್ದರೆ ಅಷ್ಟೂ ದಿನ ಆಕೆ ಅಶುದ್ಧಳು. ಮಲಗಿದ ಹಾಸಿಗೆ, ಕುಳಿತ ಆಸನ ಅಶುದ್ಧ. ಅವನ್ನು ಮುಟ್ಟಿದವರು ಬಟ್ಟೆ ಒಗೆದುಕೊಂಡು ಸ್ನಾನ ಮಾಡಬೇಕು, ಸಂಜೆಯವರೆಗೆ ಅವರೂ ಅಶುದ್ಧರು. ಸ್ರಾವ ನಿಂತ ಮೇಲೆ 7 ದಿನ ಎಣಿಸಿ, 8ನೇ ದಿನ ಎರಡು ಬೆಳವಕ್ಕಿಗಳನ್ನೋ ಎರಡು ಪಾರಿವಾಳದ ಮರಿಗಳನ್ನೋ ಯಾಜಕನಿಗೆ ಒಪ್ಪಿಸಬೇಕು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸುಲಭವಾಗಿ ನುಸುಳುತ್ತದೆ. ಅಶುದ್ಧತೆ ಅಪರಾಧವಲ್ಲ, ಶಿಕ್ಷೆಯೂ ಅಲ್ಲ. ಆಪರೇಷನ್ ಥಿಯೇಟರಿಗೆ ಕೈ ತೊಳೆಯದೆ ಯಾರನ್ನೂ ಬಿಡುವುದಿಲ್ಲ. ಹಾಗೆಂದು ಹೊರಗೆ ನಿಂತವರು ತಪ್ಪು ಮಾಡಿದವರೆಂದೇನೂ ಅಲ್ಲ. ಈ ನಿಯಮಗಳ ಕಾಳಜಿಯೂ ಮುಖ್ಯವಾಗಿ ದೇವಾಲಯದ ಪವಿತ್ರತೆಯ ಸುತ್ತಲೇ ಇದೆ. ಹೆರಿಗೆಯಾದವಳು, ಹೆಣ ಹೊತ್ತವನು, ಹೀಗೆ ಒಂದಲ್ಲ ಒಂದು ದಿನ ಬಹುತೇಕ ಎಲ್ಲರೂ ಈ ಸ್ಥಿತಿಯನ್ನು ಹಾದು ಬರುತ್ತಿದ್ದರು. ಈ ಹೆಂಗಸಿನ ಕಷ್ಟ ಏನೆಂದರೆ, ಎಲ್ಲರಿಗೂ ಬಂದು ಹೋಗುವ ಸ್ಥಿತಿ ಆಕೆಗೆ ಬಂದು ಹೋಗಲೇ ಇಲ್ಲ. ಎಂಟನೆಯ ದಿನ ಬರಬೇಕಾದರೆ ಮೊದಲನೆಯ ದಿನ ಬರಬೇಕಲ್ಲ.

ಅನೇಕ ಪ್ರವಚನಗಳಲ್ಲಿ ಊರವರು ಆಕೆಯನ್ನು ಹೊಡೆದೋಡಿಸಿದ್ದರು, ಮುಟ್ಟಿದ್ದಕ್ಕೆ ಕಲ್ಲೆಸೆಯುತ್ತಿದ್ದರು ಎಂದೆಲ್ಲ ಬಣ್ಣಿಸುವುದುಂಟು. ಮಾರ್ಕನ ಪಠ್ಯದಲ್ಲಿ ಅಂಥದ್ದು ಒಂದಕ್ಷರವೂ ಇಲ್ಲ. ಅಶುದ್ಧ ಎಂಬ ಪದವೇ ಅಲ್ಲಿಲ್ಲ. ಯೆಹೂದಿ ವಿದ್ವಾಂಸರು ಈ ಉತ್ಪ್ರೇಕ್ಷೆಯನ್ನು ಆಕ್ಷೇಪಿಸಿದ್ದಾರೆ, ಅದು ನ್ಯಾಯವಾದ ಆಕ್ಷೇಪ. ಯೇಸುವೂ ಆಕೆಯೂ ಇಬ್ಬರೂ ಯೆಹೂದಿಗಳೇ. ಒಂದು ಧರ್ಮವನ್ನು ಕ್ರೂರವಾಗಿ ಚಿತ್ರಿಸದೆಯೂ ಆಕೆಯ ನೋವನ್ನು ಅರಿಯಬಹುದು. ಬರಿದಾದ ಕೈ, ಬಳಲಿದ ಮೈ, ಹನ್ನೆರಡು ವರ್ಷ ಇವೇ ಸಾಕಷ್ಟು ಹೇಳುತ್ತವೆ.

ಆದರೂ ಮಾರ್ಕ ಆ ಅಧ್ಯಾಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾನೆ ಎನ್ನಲು ಕಾರಣವಿದೆ. 'ಆಕೆಯ ರಕ್ತದ ಬುಗ್ಗೆ ಒಣಗಿತು' ಎನ್ನುತ್ತಾನೆ. ರಕ್ತದ ಬುಗ್ಗೆ ಎಂಬ ಈ ನುಡಿಗಟ್ಟು ಯಾಜಕಕಾಂಡದ ಗ್ರೀಕ್ ಅನುವಾದದಲ್ಲಿ, ಬಾಣಂತಿಯ ಶುದ್ಧೀಕರಣದ ನಿಯಮದಲ್ಲಿ ಬರುವಂಥದ್ದು. ಸಾಮಾನ್ಯವಾಗಿ ಅಶುದ್ಧತೆ ಮುಟ್ಟಿದವರಿಗೆ ಹರಡುತ್ತದೆ. ಇಲ್ಲಿ ಹರಿವು ತಿರುಗಿಬಿಟ್ಟಿದೆ. ಆಕೆಯಿಂದ ಯೇಸುವಿಗೆ ಏನೂ ಹರಡಲಿಲ್ಲ, ಯೇಸುವಿನಿಂದಲೇ ಆಕೆಯ ಕಡೆಗೆ ಏನೋ ಹರಿಯಿತು.

ಬಟ್ಟೆಯಲ್ಲಿ ಏನಿತ್ತು?

ಹಾಗಾದರೆ ಶಕ್ತಿ ಇದ್ದದ್ದು ಬಟ್ಟೆಯಲ್ಲೇ? ಮತ್ತಾಯ, ಲೂಕ ಇಬ್ಬರೂ ಆಕೆ ಮುಟ್ಟಿದ್ದು ಉಡುಪಿನ ಗೊಂಡೆಯನ್ನು ಎನ್ನುತ್ತಾರೆ. ಯೆಹೂದಿ ಗಂಡಸರು ಮೇಲುಡುಪಿನ ಮೂಲೆಗಳಿಗೆ ಗೊಂಡೆ ಕಟ್ಟಿಕೊಳ್ಳಬೇಕು, ಅದನ್ನು ನೋಡಿದಾಗ ದೇವರ ಆಜ್ಞೆಗಳು ನೆನಪಾಗಬೇಕು ಎಂದು ಅರಣ್ಯಕಾಂಡ ವಿಧಿಸುತ್ತದೆ. ಮೂಲೆ ಎಂಬುದಕ್ಕಿರುವ ಹೀಬ್ರೂ ಪದ ಕನಾಫ್. ರೆಕ್ಕೆಗೂ ಅದೇ ಪದ. ಪ್ರವಾದಿ ಮಲಾಕಿಯ ಗ್ರಂಥದಲ್ಲಿ ನೀತಿಯ ಸೂರ್ಯ ಮೂಡುವನು, ಅವನ ರೆಕ್ಕೆಗಳಲ್ಲಿ ಗುಣಪಡಿಸುವ ಶಕ್ತಿ ಇರುವುದು ಎಂಬ ಮಾತಿದೆ. ಗೊಂಡೆಗೂ ಆ ರೆಕ್ಕೆಗೂ ಕೆಲವು ವ್ಯಾಖ್ಯಾನಕಾರರು ನಂಟು ಕಲ್ಪಿಸುತ್ತಾರೆ. ನಂಟು ಸುಂದರವಾಗಿದೆ, ಸುವಾರ್ತೆಗಳು ಮಾತ್ರ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ.

ಶಕ್ತಿಗೆ ಮಾರ್ಕ ಬಳಸುವ ಪದ ದುನಮಿಸ್. ಮೊದಲ ಮೂರು ಸುವಾರ್ತೆಗಳು ಯೇಸುವಿನ ಅದ್ಭುತಗಳನ್ನು ಹೆಚ್ಚಾಗಿ ಕರೆಯುವುದೂ ಇದೇ ಪದದಿಂದ. ಯೋಹಾನನ ಸುವಾರ್ತೆ ಮಾತ್ರ ಅವುಗಳನ್ನು ಸೂಚನೆಗಳು ಎನ್ನುತ್ತದೆ. ಕೈಕಂಬ ಊರಲ್ಲ, ಊರಿನ ದಿಕ್ಕು ತೋರಿಸುವಂಥದ್ದು. ಹಾಗೆಯೇ ಅದ್ಭುತವೂ ತನ್ನಾಚೆಗೆ ಬೆರಳು ತೋರುತ್ತದೆ ಎಂಬುದು ಅವನ ದೃಷ್ಟಿ.

ಶಕ್ತಿ ಬಟ್ಟೆಯಲ್ಲೇ ಇದ್ದಿದ್ದರೆ, ಕರೆಂಟ್ ತಂತಿಯಂತೆ, ಮುಟ್ಟಿದವರೆಲ್ಲರಿಗೂ ತಗುಲಬೇಕಿತ್ತು. ಅಂದು ಮೈಗೆ ಮೈ ತಾಗಿಸಿ ನಡೆದವರು ಎಷ್ಟೋ ಜನ. ಅವರಲ್ಲಿ ಯಾರಿಗೂ ಏನೂ ಆದಂತಿಲ್ಲ. ತುಂಬಿದ ಬಸ್ಸಿನಲ್ಲಿ ಹತ್ತಾರು ಭುಜಗಳು ತಾಗಿದರೂ ನಮಗೆ ಲಕ್ಷ್ಯವಿರುವುದಿಲ್ಲ. ಯಾರೋ ಬೇಕೆಂದೇ ಅಂಗಿಯ ತುದಿ ಹಿಡಿದು ಜಗ್ಗಿದರೆ ತಕ್ಷಣ ತಿರುಗುತ್ತೇವೆ. ಎರಡೂ ಸ್ಪರ್ಶವೇ, ಆದರೆ ಒಂದರಲ್ಲಿ ಮಾತ್ರ ನಮ್ಮನ್ನು ಕುರಿತ ಬೇಡಿಕೆ ಇದೆ. ಯೇಸುವಿನ ಪ್ರಶ್ನೆ ಆ ವ್ಯತ್ಯಾಸವನ್ನೇ ಹಿಡಿಯುತ್ತದೆ.

ರಕ್ತ ನಿಂತಿತ್ತು, ಗುಣ ಮುಗಿದಿರಲಿಲ್ಲ

ಇಡೀ ಕಥೆಯಲ್ಲಿ ನನ್ನನ್ನು ಬಿಡದೆ ಹಿಡಿದು ನಿಲ್ಲಿಸುವುದು ಈ ಭಾಗ. ಮಾರ್ಕನ ಪ್ರಕಾರ 29ನೇ ವಚನದಲ್ಲೇ ರಕ್ತ ನಿಂತಿದೆ, ತಾನು ಗುಣಳಾದೆನೆಂದು ಆಕೆಗೆ ಮೈಯಲ್ಲೇ ಅರಿವಾಗಿದೆ. ಆಕೆ ಬಂದ ಕೆಲಸ ಆಯಿತು. ಸದ್ದಿಲ್ಲದೆ ಹೋಗಿಬಿಡಬಹುದಿತ್ತು. ಯೇಸುವಿಗೂ ತುರ್ತಿತ್ತು: ಒಬ್ಬ ತಂದೆ ಪಕ್ಕದಲ್ಲೇ ಕ್ಷಣ ಎಣಿಸುತ್ತಾ ನಿಂತಿದ್ದಾನೆ. ಆದರೂ ಅವರು ನಿಂತರು. ಮತ್ತಾಯ ತನ್ನ ಚುಟುಕು ರೂಪದಲ್ಲಿ ಯೇಸು ಮಾತಾಡಿದ ಮೇಲೆಯೇ ಆಕೆ ಗುಣಹೊಂದಿದಳು ಎನ್ನುತ್ತಾನೆ. ಮಾರ್ಕ ಮಾತ್ರ ಗುಣಕ್ಕೂ ಮಾತಿಗೂ ನಡುವೆ ಒಂದು ಅಂತರ ಇಡುತ್ತಾನೆ. ಅರ್ಥವಿರುವುದು ಆ ಅಂತರದಲ್ಲಿ.

ಪದಗಳನ್ನು ನೋಡಿದರೆ ಇದು ಇನ್ನೂ ಸ್ಪಷ್ಟ. ರಕ್ತ ನಿಂತಾಗ ಬಳಸಿದ ಕ್ರಿಯಾಪದ ಇಯಾಒಮಾಯ್. ಅದು ವೈದ್ಯರ ಲೋಕದ ಪದ, ರೋಗ ವಾಸಿಯಾಗುವುದು. 'ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು' ಎಂದು ನಾವು ಓದುವಲ್ಲಿ ಇರುವುದು ಬೇರೆ ಪದ: ಸೋಜೋ. ಅದರ ಹರವು ದೊಡ್ಡದು. ಉಳಿಸು, ಕಾಪಾಡು, ರಕ್ಷಿಸು. ಬಿರುಗಾಳಿಗೆ ಸಿಕ್ಕ ದೋಣಿಯಲ್ಲಿ ಶಿಷ್ಯರು ಕಾಪಾಡು ಎಂದು ಕೂಗುವುದು ಇದೇ ಪದದಿಂದ. ಶಿಲುಬೆಯ ಕೆಳಗೆ ನಿಂತವರು ಇವನು ಬೇರೆಯವರನ್ನು ರಕ್ಷಿಸಿದನು, ತನ್ನನ್ನು ರಕ್ಷಿಸಿಕೊಳ್ಳಲಾರನು ಎಂದು ಅಣಕಿಸುವುದೂ ಇದರಿಂದಲೇ. ಯಾಯೀರ ಮಗಳಿಗಾಗಿ ಬೇಡಿದ್ದೂ ಇದನ್ನೇ. ಗ್ರೀಕ್ ಓದುಗನ ಕಿವಿಗೆ ಯೇಸುವಿನ ಮಾತಿನಲ್ಲಿ ಎರಡೂ ಕೇಳಿಸುತ್ತವೆ: ಗುಣವಾದೆ, ರಕ್ಷಣೆ ಹೊಂದಿದೆ. ಒಂದನ್ನು ಆರಿಸಿಕೊಂಡರೆ ಇನ್ನೊಂದನ್ನು ಅನುವಾದ ಬಿಟ್ಟುಕೊಡಬೇಕಾಗುತ್ತದೆ.

ಎರಡರ ನಡುವಿನ ದೂರವನ್ನು ತುಂಬಿದ್ದು ಏನು? ಮೊದಲು, ಆ ನೋಟ. ಯೇಸು 'ಇದನ್ನು ಮಾಡಿದವಳನ್ನು' ನೋಡಲು ಸುತ್ತಲೂ ಕಣ್ಣಾಡಿಸಿದರು ಎಂದು ಮಾರ್ಕ ಸ್ತ್ರೀಲಿಂಗದಲ್ಲೇ ಬರೆಯುತ್ತಾನೆ. ಹಿಂದಿನಿಂದ ಬಂದವಳು ಈಗ ಎದುರಿಗೆ ಬರಬೇಕಾಯಿತು. ಆಮೇಲೆ, ಆಕೆಯ ಮಾತು. ಎಲ್ಲ ಸತ್ಯವನ್ನೂ ಹೇಳಿದಳು ಎನ್ನುತ್ತಾನೆ. ಅದುವರೆಗೆ ಕಥೆಯಲ್ಲಿ ಆಕೆಯ ದನಿ ಒಳಗೊಳಗೇ ಇತ್ತು, ಮುಟ್ಟಿದರೆ ಸಾಕು ಗುಣವಾಗುತ್ತೇನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹನ್ನೆರಡು ವರ್ಷ ಗುಟ್ಟಾಗಿ ಅನುಭವಿಸಿದ್ದು ಈಗ ಎಲ್ಲರೆದುರು ಮಾತಾಯಿತು, ಕೇಳುವವರೊಬ್ಬರು ನಿಂತು ಕೇಳಿದರು.

ಕೊನೆಗೆ, ಆ ಸಂಬೋಧನೆ: ಮಗಳೇ. ಯೇಸು ಒಬ್ಬ ಹೆಂಗಸನ್ನು ಹೀಗೆ ಕರೆಯುವುದು ಸುವಾರ್ತೆಗಳಲ್ಲಿ ಈ ಪ್ರಸಂಗದಲ್ಲಿ ಮಾತ್ರ. ಯಾಯೀರನ ಮಗಳಿಗಾಗಿ ಕಾಲಿಗೆ ಬೀಳಲು ಅಪ್ಪನಿದ್ದ. ಈಕೆಗಾಗಿ ಬೇಡಿಕೊಳ್ಳಲು ಕಥೆಯಲ್ಲಿ ಯಾರೂ ಇಲ್ಲ. ಆ ಒಂದು ಪದದಿಂದ ಆಕೆಗೆ ಮನೆತನವೊಂದು ಸಿಕ್ಕಿತು.

ನಂತರ ಅವರು ಸಮಾಧಾನದಿಂದ ಹೋಗು ಎನ್ನುತ್ತಾರೆ. ಈ ವಿದಾಯದ ಹಿಂದೆ ಶಾಲೋಮ್ ಎಂಬ ಹೀಬ್ರೂ ಪದವಿದೆ. ಜಗಳವಿಲ್ಲದಿರುವುದಷ್ಟೇ ಅದರ ಅರ್ಥವಲ್ಲ, ಏನೂ ಕೊರತೆಯಿಲ್ಲದ ತುಂಬಿದ ಸ್ಥಿತಿ ಅದು. ಅಷ್ಟಕ್ಕೂ ನಿಲ್ಲದೆ, ನಿನ್ನ ಬಾಧೆಯಿಂದ ಗುಣವಾಗಿರು ಎಂದೂ ಹೇಳುತ್ತಾರೆ. ಆಗಲೇ ಗುಣವಾದವಳಿಗೆ ಯಾಕೆ ಈ ಮಾತು? ಗ್ರೀಕ್ ರೂಪದಲ್ಲಿರುವುದು 'ಗುಣವಾಗಿಯೇ ಇರು' ಎಂಬ ಧ್ವನಿ. ಕದ್ದು ಪಡೆದದ್ದು ಕೈತಪ್ಪೀತೆಂಬ ಭಯ ಇನ್ನಿರಬೇಕಿಲ್ಲ. ಅದು ಆಕೆಗೆ ಕೊಟ್ಟದ್ದಾಯಿತು.

ನಂಬಿಕೆ ಬೆಲೆಯೇ?

ಈಗ ಮುಳ್ಳಿನ ಪ್ರಶ್ನೆಗೆ ಬರೋಣ. ಇಷ್ಟು ನಂಬಿಕೆ ಕೊಟ್ಟರೆ ಇಷ್ಟು ಗುಣ ಎಂಬ ಲೆಕ್ಕವನ್ನು ಬೈಬಲ್ ಒಪ್ಪುತ್ತದೆಯೇ? ಈ ಒಂದು ವಾಕ್ಯವನ್ನು ಕಿತ್ತು ಹಿಡಿದರೆ ಹಾಗೆ ಕಾಣಬಹುದು. ಅಕ್ಕಪಕ್ಕದ ಪುಟಗಳು ಆ ಲೆಕ್ಕವನ್ನು ಮತ್ತೆ ಮತ್ತೆ ಮುರಿಯುತ್ತವೆ.

ಚಾವಣಿ ಕಿತ್ತು ಇಳಿಸಿದ ಪಾರ್ಶ್ವವಾಯು ರೋಗಿಯ ಕಥೆಯಲ್ಲಿ ಯೇಸು ಕಂಡದ್ದು 'ಅವರ' ನಂಬಿಕೆಯನ್ನು, ಹೊತ್ತು ತಂದವರದೂ ಸೇರಿ. ಬೆತೆಸ್ದದ ಕೊಳದ ಬಳಿ 38 ವರ್ಷ ಬಿದ್ದಿದ್ದವನಿಗೆ ತನ್ನನ್ನು ಎಬ್ಬಿಸಿದವರು ಯಾರೆಂಬುದೇ ಗೊತ್ತಿರಲಿಲ್ಲ. ಅವನು ನಂಬಿಕೆಯ ಮಾತಾಡಲಿಲ್ಲ, ನೀರಿಗಿಳಿಸುವವರಿಲ್ಲ ಎಂದು ಗೋಳು ಹೇಳಿಕೊಂಡ. ಮೂರ್ಛೆ ಬೀಳುತ್ತಿದ್ದ ಹುಡುಗನ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೆ ಸಹಾಯ ಮಾಡಿ ಎಂದು ಅರ್ಧಕ್ಕರ್ಧ ನಂಬಿಕೆ ಹಿಡಿದು ಕೂಗಿದ. ಅವನ ಮಗ ಗುಣವಾದ. ಹುಟ್ಟುಕುರುಡನ ವಿಷಯದಲ್ಲಿ ಪಾಪ ಮಾಡಿದವರು ಯಾರು, ಇವನೋ ತಂದೆತಾಯಿಯೋ ಎಂದು ಶಿಷ್ಯರು ಕೇಳಿದಾಗ ಯೇಸು ಎರಡನ್ನೂ ತಳ್ಳಿಹಾಕಿದರು.

ಗುಣವಾಗದವರೂ ಇದೇ ಗ್ರಂಥದಲ್ಲಿದ್ದಾರೆ. ಆದಿ ಕ್ರೈಸ್ತ ಸಭೆಗಳಿಗೆ ಪತ್ರಗಳನ್ನು ಬರೆದ ಪೌಲನ ನಂಬಿಕೆ ಸಣ್ಣದೆಂದು ಹೇಳುವ ಕ್ರೈಸ್ತರು ಸಿಗಲಾರರು. ತನ್ನ ಶರೀರದಲ್ಲಿ ನಾಟಿದ ಮುಳ್ಳೊಂದನ್ನು ತೆಗೆಯಬೇಕೆಂದು ಅವನು ಮೂರು ಸಲ ಬೇಡಿದ. ತೆಗೆಯಲಿಲ್ಲ, ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಅವನ ಹೆಸರಿನ ಪತ್ರಗಳಲ್ಲೇ ಅವನ ಸಂಗಡಿಗ ತಿಮೊಥೆಯನಿಗೆ ಪದೇ ಪದೇ ಬರುವ ಕಾಯಿಲೆಗೆ ಸ್ವಲ್ಪ ದ್ರಾಕ್ಷಾರಸ ಕುಡಿಯಲು ಸಲಹೆಯಿದೆ, ಇನ್ನೊಬ್ಬ ಸಂಗಡಿಗ ತ್ರೊಫಿಮನು ಅಸ್ವಸ್ಥನಾಗಿದ್ದುದರಿಂದ ಅವನನ್ನು ಮಿಲೇತ ಪಟ್ಟಣದಲ್ಲಿ ಬಿಟ್ಟು ಬಂದೆನೆಂಬ ಮಾತಿದೆ. ಔಷಧ ಬೇಡ, ವೈದ್ಯರು ಬೇಡ ಎಂದು ಯೇಸು ಎಲ್ಲಿಯೂ ಹೇಳಿಲ್ಲ. ಕ್ಷೇಮವಾಗಿರುವವರಿಗಲ್ಲ, ಕ್ಷೇಮವಿಲ್ಲದವರಿಗೆ ವೈದ್ಯನು ಬೇಕು ಎಂಬುದು ಅವರದೇ ಮಾತು.

ಹಾಗಾದರೆ ನಿನ್ನ ನಂಬಿಕೆ ಎಂದದ್ದೇಕೆ? ಬಾಯಾರಿದವನು ಬೊಗಸೆ ಚಾಚುತ್ತಾನೆ. ಬೊಗಸೆ ಇಲ್ಲದೆ ಕುಡಿಯಲಾಗದು, ಆದರೆ ನೀರು ಬೊಗಸೆಯಲ್ಲಿ ಹುಟ್ಟಿದ್ದಲ್ಲ. ಕಥೆಯಲ್ಲಿ ಶಕ್ತಿ ಹೊರಟದ್ದು ಯೇಸುವಿನಿಂದ, ಆಕೆಯಿಂದಲ್ಲ. ಆಕೆಯ ನಂಬಿಕೆ ಚಾಚಿದ ಕೈ. ಅದೂ ಹೆದರಿದ, ಬಚ್ಚಿಟ್ಟುಕೊಂಡ, ಬಟ್ಟೆ ಮುಟ್ಟಿದರೆ ಸಾಕೆಂಬ ಮುಗ್ಧ ಎಣಿಕೆಯ ಕೈ. ಅದನ್ನು ಯೇಸು ತಿದ್ದಲಿಲ್ಲ, ಅದಕ್ಕೆ ನಂಬಿಕೆ ಎಂಬ ದೊಡ್ಡ ಹೆಸರಿಟ್ಟರು. ಹಾಸಿಗೆ ಹಿಡಿದವರ ಮೇಲೆ ಹೊರೆ ಹೊರಿಸಲು ಈ ವಾಕ್ಯವನ್ನು ಬಳಸಿದರೆ, ಆಕೆಯ ಹೊರೆ ಇಳಿಸಿದ ಮಾತನ್ನೇ ತಲೆಕೆಳಗು ಮಾಡಿದಂತಾಗುತ್ತದೆ.

ಓದಿದವರು ಕಂಡದ್ದು

ಈ ಹೆಂಗಸಿಗೆ ಸುವಾರ್ತೆಗಳಲ್ಲಿ ಹೆಸರಿಲ್ಲ. ನಂತರದ ಕ್ರೈಸ್ತ ಕಥೆಗಳು ಬೆರ್ನಿಕೆ, ವೆರೋನಿಕಾ ಎಂದು ಹೆಸರಿಟ್ಟವು. ರೋಮ್ ನಗರದ ನೆಲದಡಿಯ ಸಮಾಧಿಗಳಲ್ಲಿ, ಮಾರ್ಸೆಲಿನಸ್ ಮತ್ತು ಪೀಟರ್ ಎಂಬಿಬ್ಬರ ಹೆಸರಿನ ಕ್ಯಾಟಕೋಂಬಿನ ಗೋಡೆಯ ಮೇಲೆ, ಮಂಡಿಯೂರಿ ಕೈ ಚಾಚಿದ ಆಕೆಯ ಚಿತ್ರವಿದೆ. 4ನೇ ಶತಮಾನದ ಇತಿಹಾಸಕಾರ ಯೂಸೇಬಿಯಸ್, ಫಿಲಿಪ್ಪನ ಕೈಸರೈಯದಲ್ಲಿ ಆಕೆಯ ಮನೆಯೆಂದು ಜನ ತೋರಿಸುತ್ತಿದ್ದ ಬಾಗಿಲ ಬಳಿ ಕಂಚಿನ ಪ್ರತಿಮೆಗಳನ್ನು ಕಣ್ಣಾರೆ ಕಂಡುದಾಗಿ ಬರೆದಿದ್ದಾನೆ: ಮಂಡಿಯೂರಿದ ಹೆಂಗಸು, ಎದುರಿಗೆ ಕೈ ಚಾಚಿ ನಿಂತ ಗಂಡಸು. ಅವು ಮೂಲತಃ ಗ್ರೀಕರ ವೈದ್ಯದೇವತೆಯದೋ ಚಕ್ರವರ್ತಿಯದೋ ಇರಬಹುದೆಂದು ಇಂದಿನ ಇತಿಹಾಸಕಾರರಲ್ಲಿ ಕೆಲವರ ಊಹೆ.

ಇಂಥ ಗುಣಗಳು ಇಂದಿಗೂ ನಡೆಯುತ್ತವೆಯೇ ಎಂಬುದರಲ್ಲಿ ಕ್ರೈಸ್ತರಲ್ಲೇ ಒಮ್ಮತವಿಲ್ಲ. ಪೆಂಟೆಕೋಸ್ಟಲ್ ಸಭೆಗಳು ಧಾರಾಳವಾಗಿ ನಡೆಯುತ್ತವೆ ಎನ್ನುತ್ತವೆ. ಪ್ರಾಟೆಸ್ಟೆಂಟರಲ್ಲಿ ಒಂದು ಪಂಗಡ ಅವು ಅಪೊಸ್ತಲರ, ಅಂದರೆ ಯೇಸು ಕಳುಹಿಸಿದ ಮೊದಲ ಶಿಷ್ಯರ ಕಾಲಕ್ಕೆ ಮೀಸಲು ಎನ್ನುತ್ತದೆ. ಕ್ಯಾಥೊಲಿಕ್ ಚರ್ಚ್ ನಡೆಯಬಹುದು, ಆದರೆ ಪರೀಕ್ಷಿಸಬೇಕು ಎನ್ನುತ್ತದೆ. ಫ್ರಾನ್ಸಿನ ಯಾತ್ರಾಸ್ಥಳ ಲೂರ್ದ್‌ನಲ್ಲಿ 1858ರಿಂದ ಈಚೆಗೆ ಗುಣವಾದೆವೆಂದು ಹೇಳಿಕೊಂಡವರು ಸಾವಿರಾರು. ವೈದ್ಯರ ತಪಾಸಣೆ ದಾಟಿ ಚರ್ಚ್ ಅದ್ಭುತವೆಂದು ಒಪ್ಪಿದ್ದು 70ರ ಆಸುಪಾಸಿನವು ಮಾತ್ರ. ಯೇಸುವನ್ನು ಅವರ ಕಾಲದವರು ರೋಗ ಗುಣಪಡಿಸುವವರೆಂದು ಕಂಡಿದ್ದರು ಎಂಬುದನ್ನು ನಂಬಿಕೆಯಿಲ್ಲದ ಇತಿಹಾಸಕಾರರೂ ಬಹುಮಟ್ಟಿಗೆ ಒಪ್ಪುತ್ತಾರೆ. ಅದು ಹೇಗೆ ಆಗುತ್ತಿತ್ತೆಂಬ ಪ್ರಶ್ನೆ ಇತಿಹಾಸದ ಸಾಧನಗಳಿಗೆ ಎಟಕುವಂಥದ್ದಲ್ಲ.

ಪಕ್ಕದಲ್ಲಿ ನಿಂತಿದ್ದ ತಂದೆ

ಮಾರ್ಕ ಈ ಕಥೆಯನ್ನು ಒಂಟಿಯಾಗಿ ಹೇಳಿಲ್ಲ. ಯಾಯೀರನ ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ನಡುವೆ ಇದನ್ನು ಸೇರಿಸಿ, ಮತ್ತೆ ಅಲ್ಲಿಗೆ ಮರಳುತ್ತಾನೆ. ಎರಡೂ ಒಂದನ್ನೊಂದು ಬೆಳಗಬೇಕೆಂಬುದು ಅವನ ರೂಢಿ. ಆ ಹುಡುಗಿಗೆ ವಯಸ್ಸು ಹನ್ನೆರಡು. ಅವಳು ಹುಟ್ಟಿದಂದಿನಿಂದ ಎಷ್ಟು ವರ್ಷವೋ ಅಷ್ಟೇ ವರ್ಷ ಈಕೆಯ ರಕ್ತ ಹರಿದಿದೆ.

ಯೇಸು ಮಗಳೇ ಎಂದು ಮಾತಾಡುತ್ತಿರುವಾಗಲೇ ಯಾಯೀರನ ಮನೆಯಿಂದ ಜನ ಬರುತ್ತಾರೆ. ನಿನ್ನ ಮಗಳು ತೀರಿಕೊಂಡಳು, ಗುರುವಿಗೆ ಇನ್ನು ಯಾಕೆ ತೊಂದರೆ? ಈ ಹೆಂಗಸಿಗಾಗಿ ನಿಂತ ಹೊತ್ತೇ ಅವನ ಮಗಳ ಪಾಲಿನ ಹೊತ್ತಾಗಿತ್ತು ಎಂದು ಯಾವ ತಂದೆಗೂ ಅನ್ನಿಸುತ್ತದೆ. ಯೇಸು ಅವನ ಕಡೆ ತಿರುಗಿ ಹೇಳುವುದು ಇಷ್ಟೇ: ಹೆದರಬೇಡ, ನಂಬಿಕೆ ಮಾತ್ರ ಇರಲಿ.

ನಂಬಿಕೆ ಎಂದರೇನು ಎಂದು ಅವನು ಕೇಳಬೇಕಾಗಿರಲಿಲ್ಲ. ಹೆದರಿ ನಡುಗುತ್ತಲೇ ಮುಂದೆ ಬಂದವಳೊಬ್ಬಳು ಅವನ ಕಣ್ಣೆದುರಿಗೇ ಇನ್ನೂ ನಿಂತಿದ್ದಿರಬೇಕು. ಊರಿನ ಸಭಾಮಂದಿರ ನಡೆಸುವವನು, ಹೆಸರೂ ಇಲ್ಲದ ಆ ಹೆಂಗಸನ್ನು ನೋಡಿ ಕಲಿಯಬೇಕಿತ್ತು. ಅವನು ಯೇಸುವಿನ ಜೊತೆ ಮನೆಯ ಕಡೆಗೆ ನಡೆದ. ಅಲ್ಲಿ ಯೇಸು ಸತ್ತವಳ ಕೈ ಹಿಡಿದು, ಮನೆಮಾತಾದ ಅರಾಮಿಕ್‌ನಲ್ಲಿ 'ತಲಿಥಾ ಕೂಮ್' ಎಂದರು, ಪುಟ್ಟ ಹುಡುಗಿಯೇ, ಏಳು ಎಂದು. ಅವಳು ಎದ್ದು ಓಡಾಡಿದಳು. ಬೆರಗಿನಿಂದ ನಿಂತುಬಿಟ್ಟ ತಂದೆತಾಯಿಗೆ ಯೇಸು, ಇದನ್ನು ಯಾರಿಗೂ ತಿಳಿಸಬೇಡಿ ಎಂದರು, ಹುಡುಗಿಗೆ ಊಟ ಕೊಡಿ ಎಂದರು.